ಗುಂಡು ಹೊತ್ತವರು ತೆರೆಯ ಮೇಲಿಲ್ಲ

ಆಗಸ್ಟ್ ಹದಿನೈದು, ಜನವರಿ ಇಪ್ಪತ್ತಾರು ಹತ್ತಿರ ಬಂದರೆ ಟಿ.ವಿ.ಯ ತುಂಬ ಯುದ್ಧದ ಸಿನಿಮಾಗಳು. ‘ಬಾರ್ಡರ್’, ‘ಎಲ್‌ಒಸಿ ಕಾರ್ಗಿಲ್’, ‘ಲಕ್ಷ್ಯ’, ‘ಉರಿ’, ‘ಶೇರ್‌ಶಾ’ ಒಂದರ ಹಿಂದೆ ಒಂದು ಬರುತ್ತವೆ. ಮಿಲಿಟರಿಯಿಂದ ಬಂದವರು ಯಾರಾದರೂ ಪಕ್ಕದಲ್ಲಿ ಕೂತಿದ್ದರೆ ಹುಡುಗರು ಕೇಳುವ ಪ್ರಶ್ನೆ ಒಂದೇ: ‘ಅಲ್ಲಿ ನಿಜವಾಗ್ಲೂ ಹಿಂಗೇ ಇರುತ್ತಾ?’

ತುರುವೇಕೆರೆ ಕಡೆಯ ನಮ್ಮ ನೆಂಟರೊಬ್ಬರನ್ನು ಊರೆಲ್ಲ ಕರೆಯುವುದು ಮಿಲ್ಟ್ರಿ ಮಾವ ಎಂದು. ಸೇನೆಯ ಸರಬರಾಜು ದಳವಾದ ಆರ್ಮಿ ಸರ್ವಿಸ್ ಕೋರ್‌ನಲ್ಲಿದ್ದವರು. 1999ರ ಕಾರ್ಗಿಲ್ ಯುದ್ಧದಲ್ಲಿ ದ್ರಾಸ್ ಕಡೆ ಹೇಸರಗತ್ತೆಗಳ ಹಗ್ಗ ಹಿಡಿದು ಬೆಟ್ಟ ಹತ್ತಿದವರು. ಹುಡುಗರು ಕೇಳಿದಾಗ ಅವರು ಕೊಟ್ಟ ಉತ್ತರ ಇದು: ‘ಎಲ್ಲಾ ಸರಿ ಐತೆ ಕಣ್ರಪ್ಪ. ಅವ್ನು ಅಷ್ಟೊಂದು ಗುಂಡು ಹಾರಿಸ್ತಾವ್ನಲ್ಲ, ಅದನ್ನ ಮ್ಯಾಕ್ಕೆ ಹೊತ್ಕೊಂಡ್ ಹೋದೋರ್ ಯಾರು? ಅವ್ರನ್ನ ಒಂದ್ ಕಿತನಾದ್ರೂ ತೋರಿಸ್ಬೇಕಲ್ವಾ?’

ಯುದ್ಧದ ಸಿನಿಮಾ ಎಷ್ಟು ನೈಜ ಎಂದು ಅಳೆಯುವುದಕ್ಕೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ನನಗೆ ಗೊತ್ತಿಲ್ಲ. ಆದರೂ ಜನ ಸಾಮಾನ್ಯವಾಗಿ ಕೇಳುವ ಸಣ್ಣ ಸಂಗತಿಗಳನ್ನು ಮೊದಲು ನೋಡಿಬಿಡೋಣ.

ತೆರೆಯ ಮೇಲೆ ಷೆಲ್ ಬಿದ್ದ ಕಡೆಯೆಲ್ಲ ಕಿತ್ತಳೆ ಬಣ್ಣದ ಬೆಂಕಿ ಮುಗಿಲೆತ್ತರ ಏಳುತ್ತದೆ. ಅದು ಪೆಟ್ರೋಲ್ ಉರಿಸಿ ಕ್ಯಾಮೆರಾಗೆಂದೇ ಮಾಡುವ ಬೆಂಕಿ. ಫಿರಂಗಿಯ ಷೆಲ್ ನಿಜಕ್ಕೂ ಸಿಡಿದಾಗ ಕಾಣುವುದು ಕ್ಷಣಕಾಲದ ಮಿಂಚು, ಆಮೇಲೆ ಮಣ್ಣು ಮತ್ತು ಕಪ್ಪು ಹೊಗೆ. ಜೀವ ತೆಗೆಯುವುದು ಸುತ್ತಲೂ ಚಿಮ್ಮುವ ಲೋಹದ ಚೂರುಗಳು. ಸದ್ದಿನದೂ ಅದೇ ಕಥೆ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಹಾಗಾಗಿ ಒಂದು ಕಿಲೋಮೀಟರ್ ದೂರದಲ್ಲಿ ಷೆಲ್ ಸಿಡಿದದ್ದು ಕಣ್ಣಿಗೆ ಕಂಡು ಸುಮಾರು ಮೂರು ಸೆಕೆಂಡ್ ಆದ ಮೇಲೆ ಕಿವಿಗೆ ಬೀಳಬೇಕು. ಸಿನಿಮಾದಲ್ಲಿ ಎರಡೂ ಒಟ್ಟಿಗೇ ಆಗುತ್ತವೆ. ಎಕೆ-47 ಬಂದೂಕಿನ ಮ್ಯಾಗಜಿನ್‌ನಲ್ಲಿ 30 ಗುಂಡು ಇರುತ್ತವೆ. ನಿಮಿಷಕ್ಕೆ 600 ಗುಂಡಿನ ವೇಗದಲ್ಲಿ ಒಂದೇ ಸಮನೆ ಹಾರಿಸಿದರೆ ಮೂರೇ ಸೆಕೆಂಡಿಗೆ ಖಾಲಿ. ನಾಯಕನ ಕೈಯಲ್ಲಿ ಅದು ಒಂದು ಹಾಡಿನಷ್ಟು ಹೊತ್ತು ಬಾಳುತ್ತದೆ. ಇನ್ನು ಸೆಲ್ಯೂಟ್. ನಮ್ಮ ಸೇನೆಯಲ್ಲಿ ಟೋಪಿ, ಪಗಡಿ ಇಲ್ಲದ ಬರಿದಲೆಯಲ್ಲಿ ಕೈಯೆತ್ತಿ ಸೆಲ್ಯೂಟ್ ಹೊಡೆಯುವ ರೂಢಿಯಿಲ್ಲ, ನೆಟ್ಟಗೆ ಸಾವಧಾನದಲ್ಲಿ ನಿಲ್ಲುತ್ತಾರೆ. ಇಂಥ ತಪ್ಪುಗಳನ್ನು ಯಾರಾದರೂ ತಿಳಿದವರು ಸೆಟ್‌ನಲ್ಲಿ ಒಂದು ದಿನ ನಿಂತು ಸರಿ ಮಾಡಿಸಬಹುದು. ಈಚಿನ ಚಿತ್ರಗಳಲ್ಲಿ ಸಮವಸ್ತ್ರ, ಪದಕದ ಪಟ್ಟಿ, ಕೂದಲ ಕಟಿಂಗ್ ಎಲ್ಲ ಮೊದಲಿಗಿಂತ ಸರಿಯಾಗಿಯೇ ಇವೆ.

ಸರಿಪಡಿಸಲು ಕಷ್ಟವಾದದ್ದು ಉಸಿರು. ನಮ್ಮ ಕಡೆಯ ತಿಪಟೂರು ಸಮುದ್ರ ಮಟ್ಟಕ್ಕಿಂತ ಸುಮಾರು 2,800 ಅಡಿ ಎತ್ತರದಲ್ಲಿದೆ. ಕಾರ್ಗಿಲ್ ಯುದ್ಧದ ಟೈಗರ್ ಹಿಲ್ 16,500 ಅಡಿಗಿಂತ ಎತ್ತರ. ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಕಡಲ ದಂಡೆಯಲ್ಲಿ ಸಿಗುವುದರ ಅರ್ಧಕ್ಕಿಂತ ಚೂರು ಹೆಚ್ಚು, ಅಷ್ಟೇ. ಬಯಲುಸೀಮೆಯಿಂದ ಹೋದವನನ್ನು ಸೇನೆ ಒಂದೇ ಸಲಕ್ಕೆ ಮೇಲೆ ಕಳಿಸುವುದಿಲ್ಲ. 9,000ದಿಂದ 12,000 ಅಡಿಯವರೆಗಿನ ಎತ್ತರದಲ್ಲಿ ಆರು ದಿನ, 15,000 ಅಡಿಯವರೆಗೆ ನಾಲ್ಕು ದಿನ, ಅದಕ್ಕೂ ಮೇಲೆ ಮತ್ತೆ ನಾಲ್ಕು ದಿನ ಮೈಯನ್ನು ಒಗ್ಗಿಸಬೇಕು. ಒಗ್ಗದೆ ಹೋದರೆ ಶ್ವಾಸಕೋಶಕ್ಕೆ ನೀರು ತುಂಬಿ ಗಟ್ಟಿಮುಟ್ಟಾದ ಹುಡುಗರೂ ಸಾಯುತ್ತಾರೆ, ಶತ್ರುವಿನ ಒಂದು ಗುಂಡೂ ತಗುಲದೆ. ಆ ಎತ್ತರದಲ್ಲಿ ಯಾರೂ ಬೆಟ್ಟದ ಓರೆಯಲ್ಲಿ ಘೋಷಣೆ ಕೂಗುತ್ತ ಓಡಲಾರರು. ಹತ್ತು ಹೆಜ್ಜೆ, ನಿಲ್ಲು, ಉಸಿರು ತಗೋ, ಮತ್ತೆ ಹತ್ತು ಹೆಜ್ಜೆ. ಅದೂ ರಾತ್ರಿಯಲ್ಲಿ, ಬೆನ್ನ ಮೇಲೆ ಹೊರೆ ಹೊತ್ತು. ‘ನಾವ್ ಏರ್ತಿದ್ದಾಗ ಒಬ್ರುಗೊಬ್ರು ಮಾತೇ ಆಡ್ತಿರ್ಲಿಲ್ಲ, ಮಾತಾಡಿದ್ರೆ ಉಸ್ರು ದಂಡ’ ಎಂದು ಮಾವ ಹೇಳಿದ್ದುಂಟು. ನಾನು ನೋಡಿದ ಯಾವ ಕಾರ್ಗಿಲ್ ಚಿತ್ರದಲ್ಲೂ ಆ ಮೌನವಿಲ್ಲ.

ಈಗ ಮಾವನ ಪ್ರಶ್ನೆಗೆ ಬರೋಣ. ಕಾರ್ಗಿಲ್ ಯುದ್ಧದಲ್ಲಿ ನಮ್ಮ ಫಿರಂಗಿ ದಳ ಎರಡೂವರೆ ಲಕ್ಷಕ್ಕೂ ಹೆಚ್ಚು ಷೆಲ್, ಬಾಂಬು, ರಾಕೆಟ್‌ಗಳನ್ನು ಹಾರಿಸಿತು. ಬೋಫೋರ್ಸ್ ಫಿರಂಗಿಯ 155 ಮಿ.ಮೀ. ಷೆಲ್ ಒಂದೊಂದೂ 40 ಕೆ.ಜಿ.ಗಿಂತ ಭಾರ. ಅಂಥವನ್ನು ಮೈದಾನದ ಡಿಪೊಗಳಿಂದ ಶ್ರೀನಗರಕ್ಕೆ, ಅಲ್ಲಿಂದ ಷೆಲ್ ದಾಳಿಗೆ ಮೈಯೊಡ್ಡಿದ್ದ ಹೆದ್ದಾರಿಯಲ್ಲಿ ದ್ರಾಸ್‌ವರೆಗೆ ಲಾರಿಗಳಲ್ಲಿ ಸಾಗಿಸಬೇಕು, ಕೈಯಲ್ಲಿ ಇಳಿಸಬೇಕು, ಪೇರಿಸಬೇಕು. ಲಾರಿಯ ದಾರಿ ಮುಗಿದ ಮೇಲೆ ಕಾಲಾಳುಗಳ ಗುಂಡು, ನೀರು, ರೊಟ್ಟಿ, ಸೀಮೆಎಣ್ಣೆ ಎಲ್ಲ ಹೇಸರಗತ್ತೆಯ ಬೆನ್ನ ಮೇಲೆ. ಹೇಸರಗತ್ತೆಯೂ ಹತ್ತಲಾಗದ ಕಡಿದಾದ ಜಾಗದಲ್ಲಿ ಮನುಷ್ಯರ ಬೆನ್ನ ಮೇಲೆ. ವಾಪಸು ಬರುವಾಗ ಅದೇ ದಾರಿಯಲ್ಲಿ ಗಾಯಾಳುಗಳು ಮತ್ತು ಹೆಣಗಳು. ಆ ಯುದ್ಧದಲ್ಲಿ ಮಡಿದ ನಮ್ಮ 527 ಯೋಧರನ್ನು ಕೆಳಗೆ ತಂದವರು ಯಾರು ಎಂದು ಸಿನಿಮಾ ನೋಡುವಾಗ ನಮಗೆ ಅನ್ನಿಸುವುದೇ ಇಲ್ಲ. ಧ್ವಜ ಹೊದಿಸಿದ ಪೆಟ್ಟಿಗೆ ತಾನಾಗಿಯೇ ಊರಿನ ಬಾಗಿಲಿಗೆ ಬಂದುಬಿಡುತ್ತದೆ.

ಈ ಪ್ರಶ್ನೆ ತುರುವೇಕೆರೆ ಕಡೆಯ ಮನುಷ್ಯನ ಬಾಯಿಂದ ಬಂದದ್ದು ನನಗೆ ಬಹಳ ಸಹಜವೆನ್ನಿಸಿತು. ಯಾಕೆಂದರೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಈ ಸೀಮೆ ಯುದ್ಧಕ್ಕೆ ಹೆಗಲು ಕೊಟ್ಟ ಸೀಮೆ. ತೆಂಗಿನ ತೋಟಗಳ ನಡುವೆ ಅಲ್ಲಲ್ಲಿ ಅಮೃತ ಮಹಲ್ ಕಾವಲುಗಳೆಂಬ ಹುಲ್ಲುಗಾವಲುಗಳು ಇನ್ನೂ ಉಳಿದಿವೆಯಲ್ಲ, ಅವು ಮೈಸೂರು ದೊರೆಗಳು ಸೈನ್ಯದ ಎತ್ತುಗಳಿಗಾಗಿ ಮೀಸಲಿಟ್ಟ ಜಾಗಗಳು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಎಂಬ ಹೆಸರಿನಲ್ಲಿ ಕಟ್ಟಿದ ಇಲಾಖೆಗೆ ಟಿಪ್ಪು ಅಮೃತ ಮಹಲ್ ಎಂದು ಹೆಸರಿಟ್ಟ. ಆ ಹಿಂಡು ಬೆಳೆದದ್ದು ಮೂರು ಬಗೆಯ ದನಗಳಿಂದ: ಹಳ್ಳಿಕಾರ್, ಚಿತ್ರದುರ್ಗ ಮತ್ತು ಹಾಗಲವಾಡಿ. ಹಾಗಲವಾಡಿ ಇರುವುದು ಪಕ್ಕದ ಗುಬ್ಬಿ ತಾಲ್ಲೂಕಿನಲ್ಲಿ. ಚಿಕ್ಕನಾಯಕನಹಳ್ಳಿಗೆ ಹೆಸರು ಬಂದದ್ದೂ ಹಾಗಲವಾಡಿ ಪಾಳೆಯಗಾರರ ಮನೆತನದ ಚಿಕ್ಕನಾಯಕನಿಂದ.

ಈ ಎತ್ತುಗಳು ಏನು ಮಾಡಬಲ್ಲವಾಗಿದ್ದವು ಎಂಬುದಕ್ಕೆ ಮೈಸೂರು ಗೆಜೆಟಿಯರ್‌ನಲ್ಲಿ ಪುರಾವೆಯಿದೆ. ಚಿದಂಬರಂ ಉಳಿಸಿಕೊಳ್ಳಲು ಹೈದರ್ ಎರಡೂವರೆ ದಿನದಲ್ಲಿ 100 ಮೈಲಿ ದಂಡು ನಡೆಸಿದ್ದು ಇವುಗಳ ಬಲದಿಂದ. ಸೋತಾಗಲೂ ಶತ್ರುವಿನ ಕಣ್ಣೆದುರಿಗೇ ಫಿರಂಗಿಗಳನ್ನು ಎಳೆದುಕೊಂಡು ಪಾರಾಗುತ್ತಿದ್ದದ್ದೂ ಇವುಗಳಿಂದಲೇ. ಎದುರಾಳಿಯ ಕಡೆ ನೋಡಿ. 1791ರ ಮೇ ತಿಂಗಳಲ್ಲಿ ಬ್ರಿಟಿಷರ ಸೇನಾಪತಿ ಲಾರ್ಡ್ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಹತ್ತಿರ ಅರಕೆರೆಯಲ್ಲಿ ಕಾಳಗ ಗೆದ್ದ. ಗೆದ್ದವನು ಕೋಟೆಗೆ ಮುತ್ತಿಗೆ ಹಾಕಬೇಕಿತ್ತು. ಹಾಕಲಾಗಲಿಲ್ಲ. ಮೇವಿಲ್ಲದೆ, ರೋಗ ಹತ್ತಿ ಅವನ ಎತ್ತುಗಳು ಸಾಲುಸಾಲಾಗಿ ಸತ್ತಿದ್ದವು. ಕೋಟೆ ಒಡೆಯಲು ತಂದಿದ್ದ ದೊಡ್ಡ ಫಿರಂಗಿಗಳನ್ನು ಎಳೆಯುವವರಿಲ್ಲದೆ ತನ್ನ ಕೈಯಾರೆ ಹಾಳುಗೆಡವಿ, ಮದ್ದುಗುಂಡು ಹೂತು ಬೆಂಗಳೂರಿಗೆ ಹಿಂದಿರುಗಿದ. 1792ರ ಫೆಬ್ರವರಿಯಲ್ಲಿ ಅವನು ಮತ್ತೆ ಬಂದು ಮುತ್ತಿಗೆ ಹಾಕುವ ಹೊತ್ತಿಗೆ, ಸಾವಿರಾರು ಎತ್ತುಗಳ ಮೇಲೆ ದವಸ ಹೇರಿಕೊಂಡು ಬರುತ್ತಿದ್ದ ಲಂಬಾಣಿ ವ್ಯಾಪಾರಿಗಳು ಅವನ ದಂಡಿನ ಬೆನ್ನಿಗಿದ್ದರು. ಒಂದು ಮುತ್ತಿಗೆ ತಪ್ಪಿಹೋದದ್ದೂ ಇನ್ನೊಂದು ನಡೆದದ್ದೂ ದನಗಳ ಹೆಗಲ ಮೇಲೆ. 1799ರಲ್ಲಿ ಟಿಪ್ಪು ಮಡಿದ ನಂತರ ಅಮೃತ ಮಹಲ್ ಈಸ್ಟ್ ಇಂಡಿಯಾ ಕಂಪನಿಯ ವಶಕ್ಕೆ ಹೋಯಿತು. ಮುಂದೆ ವೆಲಿಂಗ್ಟನ್ ಡ್ಯೂಕ್ ಆದ ಆರ್ಥರ್ ವೆಲ್ಲೆಸ್ಲಿ ಮರಾಠರ ಮೇಲಿನ ದಂಡಯಾತ್ರೆಗೆ ಇದೇ ಎತ್ತುಗಳನ್ನು ಒಯ್ದ.

ನಮ್ಮ ಐತಿಹಾಸಿಕ ಚಿತ್ರಗಳಲ್ಲಿ ಕುದುರೆ ಓಡುತ್ತದೆ, ಆನೆ ಘೀಳಿಡುತ್ತದೆ, ಕತ್ತಿಗೆ ಕತ್ತಿ ತಾಗಿ ಕಿಡಿ ಹಾರುತ್ತದೆ. ನೊಗದ ಎತ್ತು ಎಲ್ಲಿ? ಕೆಸರಿಗೆ ಹೂತ ಫಿರಂಗಿಯ ಗಾಲಿಗೆ ಹೆಗಲು ಕೊಟ್ಟು ‘ಹೂಂ, ಎಳಿ’ ಎನ್ನುವ ಗೋವಳಿಗ ಎಲ್ಲಿ? ತಿಪಟೂರು ತಾಲ್ಲೂಕಿನ ಕೊನೇಹಳ್ಳಿಯಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಅಮೃತ ಮಹಲ್ ಕೇಂದ್ರವಿದೆ. ಅಲ್ಲಿನ ದನಗಳನ್ನು ಹತ್ತಿರದಿಂದ ನೋಡಬೇಕು. ಬೂದು-ಬಿಳಿ ಮೈ, ನೀಳ ಮುಖ, ಬುಡದಲ್ಲಿ ಒತ್ತೊತ್ತಾಗಿ ಹುಟ್ಟಿ ಹಿಂದಕ್ಕೆ ಬಾಗಿ ಚೂಪಾಗುವ ಕೊಂಬು. ಗುರುತಿಲ್ಲದವರು ಹತ್ತಿರ ಹೋದರೆ ತಲೆಯೆತ್ತಿ ದಿಟ್ಟಿಸುತ್ತವೆ. ಎಮ್ಮೆ, ಸೀಮೆಹಸುಗಳ ಸಾಧು ನೋಟ ಇವುಗಳದಲ್ಲ. ಒಂದು ಸಾಮ್ರಾಜ್ಯದ ಯುದ್ಧಗಳನ್ನು ಎಳೆದ ಪ್ರಾಣಿ ಇದು ಎಂದು ಅಲ್ಲಿ ನಿಂತಾಗ ನಂಬಬಹುದು. ಕನ್ನಡದ ಒಬ್ಬ ಕ್ಯಾಮೆರಾಮನ್ ಇವುಗಳ ಮುಂದೆ ನಿಲ್ಲಲಿ ಎಂದು ನಾನು ಮನಸಾರೆ ಬಯಸುತ್ತೇನೆ.

ಹೊರುವವರನ್ನು ಸಿನಿಮಾ ಯಾಕೆ ಬಿಡುತ್ತದೆ? ಒಂದು ಕಾರಣ ಹೊತ್ತಿನದು. ಎರಡೂವರೆ ಗಂಟೆಯಲ್ಲಿ ಮುಗಿಯಬೇಕಾದ ಕಥೆಗೆ ಕಾಯುವುದು ಹೊಂದುವುದಿಲ್ಲ, ಸೈನಿಕನ ಬದುಕಿನಲ್ಲಿ ಕಾಯುವುದೇ ಹೆಚ್ಚು. ನಮ್ಮ ಕಡೆ ಕೊಬ್ಬರಿ ಆಗಬೇಕಾದರೆ ಕಾಯಿ ಅಟ್ಟದ ಮೇಲೆ ಹತ್ತು ಹನ್ನೆರಡು ತಿಂಗಳು ಇರಬೇಕು. ಒಳಗಿನ ನೀರು ಇಂಗಿ ಗಿಟಕು ಚಿಪ್ಪು ಬಿಟ್ಟು ಗಡಗಡ ಎನ್ನುವ ತನಕ ಮುಟ್ಟುವಂತಿಲ್ಲ. ಸುಲಿದು ಒಡೆಯುವುದು ಒಂದೆರಡು ದಿನದ ಕೆಲಸ. ದಂಡಿನ ಬದುಕೂ ಹಾಗೇ. ಪಹರೆ, ಕಸರತ್ತು, ಬಂದೂಕು ಒರೆಸುವುದು, ಮತ್ತೆ ಪಹರೆ ಎಂದು ವರ್ಷಗಟ್ಟಲೆ ಕಳೆದು ಗುಂಡಿನ ಚಕಮಕಿ ಕೆಲವು ನಿಮಿಷ ಕಂಡವರಿದ್ದಾರೆ, ಒಂದು ಸಲವೂ ಕಾಣದೆ ನಿವೃತ್ತರಾದವರು ಬಹಳ ಜನ.

ಇನ್ನೊಂದು ಕಾರಣ, ಸಾವು ಹೆಚ್ಚಿದಷ್ಟೂ ಶೌರ್ಯ ಹೆಚ್ಚು ಎಂಬ ಸಿನಿಮಾದ ಲೆಕ್ಕ. ಜೆ.ಪಿ. ದತ್ತಾ ಅವರ 1997ರ ‘ಬಾರ್ಡರ್’ ನೋಡಿ. 1971ರ ಡಿಸೆಂಬರ್ 4-5ರ ರಾತ್ರಿ ಲೋಂಗೇವಾಲಾ ಠಾಣ್ಯದಲ್ಲಿ ಮೇಜರ್ ಕುಲದೀಪ್ ಸಿಂಗ್ ಚಾಂದ್‌ಪುರಿ ಸುಮಾರು 120 ಜನರೊಂದಿಗೆ ಪಾಕಿಸ್ತಾನದ ಟ್ಯಾಂಕುಗಳನ್ನು ಬೆಳಗಿನ ತನಕ ತಡೆದರು. ಬೆಳಕು ಹರಿದ ಮೇಲೆ ಜೈಸಲ್ಮೇರಿನಿಂದ ಬಂದ ಹಂಟರ್ ವಿಮಾನಗಳು ಟ್ಯಾಂಕುಗಳನ್ನು ಮುಗಿಸಿದವು. ಚಿತ್ರದಲ್ಲಿ ನಮ್ಮವರು ಒಬ್ಬರ ಹಿಂದೆ ಒಬ್ಬರು ಬೀಳುತ್ತಾರೆ. ನಿಜದಲ್ಲಿ ಆ ಠಾಣ್ಯದಲ್ಲಿ ಮಡಿದವರು ಇಬ್ಬರು. ಅಷ್ಟು ಟ್ಯಾಂಕುಗಳೆದುರು ಇಬ್ಬರನ್ನು ಮಾತ್ರ ಕಳೆದುಕೊಂಡು ಠಾಣ್ಯ ಉಳಿಸಿಕೊಂಡದ್ದು ಆ ಅಧಿಕಾರಿಯ ಜಾಣ್ಮೆಗೆ ದೊಡ್ಡ ಸಾಕ್ಷಿ. ಚಿತ್ರ ಆ ಜಾಣ್ಮೆಯನ್ನೇ ಮರೆಸಿಬಿಟ್ಟಿತು. ಜೊತೆಗೆ ಅನುಮತಿಯ ವಿಷಯವೂ ಇದೆ. ಟ್ಯಾಂಕು, ಕಂಟೋನ್ಮೆಂಟು, ಜವಾನರು ಬೇಕೆಂದರೆ ಸೇನೆ ಕಥೆಯನ್ನು ಓದಿ ಒಪ್ಪಬೇಕು. ಸೇನೆಯನ್ನು ಕುರಿತ ಚಿತ್ರಗಳ ಪ್ರದರ್ಶನಕ್ಕೆ ಮೊದಲು ತನ್ನ ಒಪ್ಪಿಗೆ ಪಡೆಯಬೇಕೆಂದು ರಕ್ಷಣಾ ಸಚಿವಾಲಯ 2020ರ ಜುಲೈನಲ್ಲಿ ಸೆನ್ಸಾರ್ ಮಂಡಳಿಗೆ ಬರೆಯಿತು. ಗುಟ್ಟು ಕಾಯಬೇಕಾದ ಸಂಗತಿಗಳು ಇರುತ್ತವೆ ನಿಜ. ಆದರೆ ತಪ್ಪು ಆದೇಶ, ತಡವಾದ ಸರಬರಾಜು, ಹೆದರಿದ ಹುಡುಗ, ಇವೆಲ್ಲ ಈ ದಾರಿಯಲ್ಲಿ ಮೊದಲೇ ಉದುರಿಹೋಗುತ್ತವೆ. ಅಪವಾದವೂ ಉಂಟು. ಚೇತನ್ ಆನಂದ್ ಚೀನಾದೆದುರಿನ 1962ರ ಸೋಲಿನ ಮೇಲೆ, ಗಾಯ ಹಸಿಯಿರುವಾಗಲೇ, 1964ರಲ್ಲಿ ‘ಹಕೀಕತ್’ ಮಾಡಿದ್ದರು. ಹಿಂದೆ ಸರಿಯುವ ಸೈನಿಕರನ್ನು ತೋರಿಸುವ ಧೈರ್ಯ ಅದಕ್ಕಿತ್ತು.

ಕರ್ನಾಟಕದ ಯೋಧನೊಬ್ಬನ ಕಥೆ ಈಚೆಗೆ ದೊಡ್ಡ ತೆರೆಗೆ ಬಂತು. ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೋದ ಪಡೆಯಲ್ಲಿ ಬದಲಿ ಪೈಲಟ್. ಹಳೆಯ ಮಿಸ್ಟೇರ್ ವಿಮಾನದಲ್ಲಿದ್ದುಕೊಂಡು, ಅದಕ್ಕಿಂತ ಬಹಳ ವೇಗದ ಸ್ಟಾರ್‌ಫೈಟರ್ ಒಂದನ್ನು ಹೊಡೆದುರುಳಿಸಿ, ತಾವೂ ಮರಳಲಿಲ್ಲ. ಏನಾಯಿತೆಂದು ನಮ್ಮ ವಾಯುಪಡೆಗೆ ತಿಳಿಯಲು ವರ್ಷಗಳೇ ಹಿಡಿದವು. ಮಹಾವೀರ ಚಕ್ರ ಬಂದದ್ದು 1988ರಲ್ಲಿ. 2025ರ ಜನವರಿಯಲ್ಲಿ ತೆರೆಕಂಡ ‘ಸ್ಕೈ ಫೋರ್ಸ್’ ಇದೇ ಕಥೆ. ಕಾಣೆಯಾದ ಜೊತೆಗಾರನಿಗಾಗಿ ಹಿರಿಯ ಅಧಿಕಾರಿ ವರ್ಷಗಟ್ಟಲೆ ಹುಡುಕಾಡುವ ಭಾಗ ನನಗೆ ಹಿಡಿಸಿತು, ಕಾಗದ ಪತ್ರಗಳ ಆ ತಾಳ್ಮೆಯ ಕೆಲಸ ಸಿನಿಮಾದಲ್ಲಿ ಅಪರೂಪ. ಆದರೆ ದೇವಯ್ಯನವರ ಪಾತ್ರದ ಹೆಸರು ಟಿ. ಕೃಷ್ಣ ವಿಜಯ ಆಯಿತು, ಕೊಡಗು ಮಾಯವಾಯಿತು. ಕೊಡವ ಸಂಘಟನೆಗಳು ಆಕ್ಷೇಪಿಸಿದ್ದು ನ್ಯಾಯವಾಗಿಯೇ ಇತ್ತು. ವಿಮಾನದ ರೆಕ್ಕೆಯ ಮೇಲಿನ ಗುರುತನ್ನು ಸರಿಯಾಗಿ ಬರೆಯುವವರು ಅದರೊಳಗೆ ಕೂತವನ ಮನೆತನವನ್ನು ಅಳಿಸಬಾರದು.

ಕೊಡಗನ್ನು ಕಾಣಬೇಕೆಂದರೆ ಮೂರು ದಶಕ ಹಿಂದಕ್ಕೆ ಹೋಗಬೇಕು. ಎಸ್.ವಿ. ರಾಜೇಂದ್ರಸಿಂಗ್ ಬಾಬು ಅವರ ‘ಮುತ್ತಿನ ಹಾರ’ ಬಂದದ್ದು 1990ರಲ್ಲಿ. ವಿಷ್ಣುವರ್ಧನ್ ಸೈನಿಕ ಅಚ್ಚಪ್ಪ, ಸುಹಾಸಿನಿ ನರ್ಸ್ ಅನ್ನಪೂರ್ಣ. ಆ ವರ್ಷದ ಅತ್ಯುತ್ತಮ ಕನ್ನಡ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು. ಅದರ ಕಾಳಗದ ದೃಶ್ಯಗಳಲ್ಲಿ ಇವತ್ತು ನೂರು ಕೊರತೆ ಎಣಿಸಬಹುದು. ಆದರೆ ಯುದ್ಧವನ್ನು ಒಂದು ಸಂಸಾರದ ಒಳಗಿಂದ ನೋಡಿದ ಚಿತ್ರ ಕನ್ನಡದಲ್ಲಿ ಅಂಥದು ಮತ್ತೊಂದಿಲ್ಲ. ಅಚ್ಚಪ್ಪ ಮನೆಗೆ ಬಂದಾಗಲೂ ದಂಡು ಅವನನ್ನು ಪೂರ್ತಿ ಬಿಡುವುದಿಲ್ಲ. ಬಂದೂಕಿನ ಸದ್ದು ತಪ್ಪಾಗಿದ್ದರೂ ಚಿತ್ರ ನಿಜವಾಗಿರಬಲ್ಲದು ಎಂದು ನಾನು ನಂಬುವುದು ಇಂಥ ಚಿತ್ರದಿಂದ. ತರಬೇತಿಯ ಕಠಿಣತೆಗೆ ನಾನಾ ಪಾಟೇಕರ್ ನಿರ್ದೇಶಿಸಿದ 1991ರ ಹಿಂದಿ ಚಿತ್ರ ‘ಪ್ರಹಾರ್’ ನೋಡಬೇಕು. ನಮ್ಮ ಬೆಳಗಾವಿಯ ಕಮಾಂಡೊ ತರಬೇತಿಯೇ ಅದರ ಮೊದಲರ್ಧ. ಬೈಗುಳ, ಬಸವಳಿಕೆ, ಕೆಸರು ಯಾವುದನ್ನೂ ಅದು ಮುಚ್ಚಿಡುವುದಿಲ್ಲ.

ಗಿರೀಶ್ ಕಾಸರವಳ್ಳಿಯವರ ‘ಗುಲಾಬಿ ಟಾಕೀಸ್’ ಅನ್ನು ಯುದ್ಧದ ಚಿತ್ರವೆಂದು ಯಾರೂ ಕರೆಯುವುದಿಲ್ಲ. ನಾನು ಕರೆಯುತ್ತೇನೆ. ವೈದೇಹಿಯವರ ಕಥೆಯನ್ನು ಆಧರಿಸಿ 2008ರಲ್ಲಿ ಬಂದ ಈ ಚಿತ್ರದಲ್ಲಿ ಸಿನಿಮಾ ಹುಚ್ಚಿನ ಸೂಲಗಿತ್ತಿ ಗುಲಾಬಿ, ಕರಾವಳಿಯ ಮೀನುಗಾರರ ಊರು, ಅವಳ ಗುಡಿಸಲಿಗೆ ಬರುವ ಬಣ್ಣದ ಟಿ.ವಿ. ಕಾರ್ಗಿಲ್ ಯುದ್ಧ ಆ ಟಿ.ವಿ.ಯೊಳಗಿಂದ ಊರಿಗೆ ಬರುತ್ತದೆ, ನಿನ್ನೆಯವರೆಗೆ ಅವಳ ಮನೆಯಲ್ಲಿ ಕೂತು ಸಿನಿಮಾ ನೋಡಿದ ನೆರೆಯವರು ಸಾಬರ ಹೆಂಗಸು ಎಂದು ಅವಳಿಂದ ದೂರ ಸರಿಯುತ್ತಾರೆ. ಸಾವಿರ ಮೈಲಿಗೂ ಹೆಚ್ಚು ದೂರದ ಯುದ್ಧ ಒಂದು ಹಳ್ಳಿಗೆ ಏನು ಮಾಡುತ್ತದೆ ಎಂಬುದನ್ನು ಉಮಾಶ್ರೀ ಮುಖದಲ್ಲಿ ಕಾಣಬಹುದು. ಆ ಪಾತ್ರಕ್ಕೆ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು.

ಊರಿಗೆ ಮರಳಿದ ಸೈನಿಕನ ಕಥೆ ಮಾತ್ರ ಇನ್ನೂ ಬಾಕಿ. ರಾಜ್‌ಕುಮಾರ್ ಅವರ ‘ಸಿಪಾಯಿ ರಾಮು’ವಿನಲ್ಲಿ ಸಿಪಾಯಿಯಾಗಿದ್ದವನು ಡಕಾಯಿತನಾಗುತ್ತಾನೆ. ಸಿನಿಮಾದ ಪಾಲಿಗೆ ಊರಿಗೆ ಹಿಂದಿರುಗಿದ ಸೈನಿಕ ಒಂದೋ ದರೋಡೆಕೋರ, ಇಲ್ಲ ದುಷ್ಟರನ್ನು ಸದೆಬಡಿಯುವವ. ನಾನು ಕಂಡ ಬದುಕು ಬೇರೆ. ವರ್ಷಕ್ಕೆ 60 ದಿನದ ರಜೆ, ಅದನ್ನೂ ಊರಹಬ್ಬಕ್ಕೋ ಕೊಬ್ಬರಿ ಸುಲಿಯುವ ಕಾಲಕ್ಕೋ ಹೊಂದಿಸಿಕೊಂಡು, ಕರಿ ಟ್ರಂಕು ಹೊತ್ತು ತಿಪಟೂರು ಸ್ಟೇಷನ್ನಿನಲ್ಲಿ ಇಳಿಯುವುದು. ಮಗು ಮೊದಲ ಎರಡು ದಿನ ಅಪ್ಪನ ಹತ್ತಿರ ಹೋಗಲು ಒಲ್ಲದು, ಹೋಗುವಷ್ಟರಲ್ಲಿ ರಜೆ ಅರ್ಧ ಮುಗಿದಿರುತ್ತದೆ. ಗಂಡ ಇಲ್ಲದ ಹತ್ತು ತಿಂಗಳು ತೋಟಕ್ಕೆ ನೀರು ಬಿಟ್ಟವಳು, ಆಳು ಕರೆಸಿ ಕಾಯಿ ಕೆಡವಿಸಿದವಳು, ಮಾರುಕಟ್ಟೆಯಲ್ಲಿ ಕೊಬ್ಬರಿ ದರ ಬಿದ್ದ ವಾರ ಮಾರಲೋ ಬೇಡವೋ ಎಂದು ಒಬ್ಬಳೇ ತೀರ್ಮಾನಿಸಿದವಳು ಹೆಂಡತಿ. ಮಾವನ ಹೆಂಡತಿ ನನಗೆ ಅತ್ತೆ. ಯುದ್ಧದ ಆ ಬೇಸಗೆಯನ್ನು ಅವರು ನೆನೆಯುವುದು ಹೀಗೆ: ‘ಟಿ.ವಿ.ಯಾಗೆ ದಿನಾ ತೋರ್ಸೋರು. ನಾನು ನೋಡ್ತಿರ್ಲಿಲ್ಲ. ಅಟ್ಟ ಹತ್ತಿ ಕಾಯಿ ಎಣಿಸ್ಕಂಡು ಕುಂತ್ಕತಿದ್ದೆ.’

ಸಿಪಾಯಿಗಳು ನಲವತ್ತರ ಆಸುಪಾಸಿನಲ್ಲೇ ನಿವೃತ್ತರು. ಮಕ್ಕಳು ಇನ್ನೂ ಶಾಲೆಯಲ್ಲಿರುತ್ತಾರೆ. ಆಮೇಲೆ ಬೆಂಗಳೂರಿನ ಯಾವುದೋ ಬ್ಯಾಂಕಿನ ಬಾಗಿಲಲ್ಲಿ ಕಾವಲು, ಅಥವಾ ಊರಿಗೆ ಬಂದು ತೋಟ. 2022ರಲ್ಲಿ ಅಗ್ನಿಪಥ ನೇಮಕಾತಿ ಯೋಜನೆ ಬಂದ ಮೇಲೆ ನಾಲ್ಕೇ ವರ್ಷಕ್ಕೆ ಹೆಚ್ಚಿನವರು ವಾಪಸು ಬರಬೇಕು, ನೂರಕ್ಕೆ 25 ಜನ ಮಾತ್ರ ಉಳಿಯುತ್ತಾರೆ. ನಮ್ಮ ಹಳ್ಳಿಗಳ ಹುಡುಗರು ಇಪ್ಪತ್ತೆರಡು, ಇಪ್ಪತ್ತಮೂರಕ್ಕೇ ಮಾಜಿ ಸೈನಿಕರಾಗುವ ಕಾಲ ಇದು. ಅವರ ಬಗ್ಗೆ ಚಿತ್ರಕಥೆ ಬರೆಯಬೇಕಾದದ್ದು ಈಗ.

ಸಾಮಗ್ರಿಗೆ ದೂರ ಹೋಗಬೇಕಿಲ್ಲ. ಸರಬರಾಜು ದಳದ ಕೇಂದ್ರ ಬೆಂಗಳೂರಿನಲ್ಲಿದೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರವರಿಯಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ಹಿಮಬೆಟ್ಟಗಳ ಠಾಣ್ಯಗಳಿಗೆ ಸಾಮಾನು ಹೊರಬಲ್ಲ ಹಗುರ ಹೆಲಿಕಾಪ್ಟರ್‌ಗಳು ಅಲ್ಲಿ ತಯಾರಾಗಬೇಕು. ಹಳೆಯ ಎತ್ತಿನ ಸೀಮೆಯಲ್ಲೇ ಹೊಸ ಹೊರೆಗಾರರು ಹುಟ್ಟುತ್ತಿದ್ದಾರೆ. 1971ರಲ್ಲಿ ಇಪ್ಪತ್ತರ ಹುಡುಗರಾಗಿದ್ದವರು ಈಗ ಎಪ್ಪತ್ತು ದಾಟಿದ್ದಾರೆ, ಕಾರ್ಗಿಲ್ ಏರಿದವರಿಗೂ ತಲೆ ನರೆತಿದೆ. ಹೇಸರಗತ್ತೆಗೆ ಹೇರು ಹೇಗೆ ಕಟ್ಟಬೇಕು, ಕತ್ತಲಲ್ಲಿ ಅದು ನಿಂತುಬಿಟ್ಟರೆ ಏನು ಮಾಡಬೇಕು ಎಂದು ಕೇಳಿದರೆ ಮಾವ ಒಂದು ಮಧ್ಯಾಹ್ನ ಪೂರ್ತಿ ಹೇಳುತ್ತಾರೆ. ಇಲ್ಲಿಯವರೆಗೆ ಅವರನ್ನು ಕೇಳಿದ ಸಿನಿಮಾದವರು ಯಾರೂ ಇಲ್ಲ.